ಸಾಫ್ಟ್‌ವೇರಿಗೆ ಕುಂಕುಮ ಎಲ್ಲಿಡುವುದು?

ಯಾವ ಊರಿಗೆ ಹೋಗಲಿ, ನನ್ನ ಕೈಯಲ್ಲಿ ಲ್ಯಾಪ್‌ಟಾಪ್ ಕಂಡದ್ದೇ ತಡ, ಜನ ತಮ್ಮ ಕೆಟ್ಟುಹೋದ ಯಂತ್ರವನ್ನು ನನ್ನ ಕೊರಳಿಗೆ ಕಟ್ಟುತ್ತಾರೆ. ಲಿಸ್ಬನ್‌ನಲ್ಲಿ ಮನೆಯೊಡತಿ ಬಟ್ಟೆ ಒಗೆಯುವ ಮಷಿನ್ ತೋರಿಸಿದಳು. ಹನೋಯಿಯಲ್ಲಿ ಲಾಡ್ಜಿನವನು ಲಿಫ್ಟನ್ನೇ ತೋರಿಸಿದ. ನಾನು ಊರು ಸುತ್ತಿ ಬರೆಯುವವಳು, ರಿಪೇರಿಯವಳಲ್ಲ ಎಂದರೆ ಯಾರೂ ನಂಬುವುದಿಲ್ಲ.

ಪುಣೆಗೆ ಬಂದು ಸದಾಶಿವ ಪೇಠದಲ್ಲಿ ಮನೆ ಹಿಡಿದ ಮೇಲೂ ಅದೇ ಕಥೆ. ಮನೆಯ ಕೆಳಗೇ ಕುಂದಾಪುರ ಕಡೆಯವರ ಹೋಟೆಲು. ಯಜಮಾನರ ಹೆಂಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಅಕ್ಕನಿಗೆ ಗಲ್ಲಾದಲ್ಲಿ ಕೂರುವ ಆಸೆ. ಯಜಮಾನರದು ಒಂದೇ ಮಾತು: "ಅಲ್ಲಿ ಕಂಪ್ಯೂಟರ್ ಉಂಟು ಮಾರಾಯ್ತಿ, ನಿನಗೆಂತ ಗೊತ್ತುಂಟು?"

ಅಕ್ಕ ನೇರ ಮೆಟ್ಟಿಲು ಹತ್ತಿ ನನ್ನ ಬಳಿ ಬಂದರು. "ಕಲಿಸಿ ಮೇಡಂ."

ಕಾಲಡಿಯ ಡಬ್ಬ

ಪಾಠ ಶುರುವಾಗುವ ಮೊದಲೇ ಕಂಪ್ಯೂಟರ್ ಕೈಕೊಟ್ಟಿತು. ಯಜಮಾನರು ಸ್ಕ್ರೀನನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು ರಿಕ್ಷಾ ಹತ್ತಿದರು. ಜೊತೆಗೆ ನಾನೂ. ರಿಪೇರಿಯವನು ಅದನ್ನು ತಿರುಗಿಸಿ ನೋಡಿ ಮರಾಠಿಯಲ್ಲಿ ಕೇಳಿದ: "ಕಾಕಾ, ಇದು ಬರೀ ಸ್ಕ್ರೀನು. ಕಂಪ್ಯೂಟರ್ ಎಲ್ಲಿ?"

"ಇದೇ ಅಲ್ವಾ?"

"ಕೆಳಗೊಂದು ಕಪ್ಪು ಡಬ್ಬ ಇರುತ್ತದಲ್ಲ, ಅದು."

ಯಜಮಾನರ ಮುಖ ಬಿಳುಚಿತು. ನನ್ನತ್ತ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದರು: "ಅದರ ಮೇಲೆ ನಾನು ಕಾಲಿಟ್ಟುಕೊಂಡು ಕೂರುವುದು ಮೇಡಂ. ಕಾಲಿಡಲಿಕ್ಕೇ ಕೊಟ್ಟದ್ದು ಅಂತ ಮಾಡಿದ್ದೆ!"

ಕಾಲು ತಾಗಿ ವೈರು ಸಡಿಲಾಗಿತ್ತು, ಅಷ್ಟೇ.

ಭಟ್ಟರ ಮುನಿಸು

ಹಾರ್ಡ್‌ವೇರ್, ಸಾಫ್ಟ್‌ವೇರ್ ಅಂದರೆ ಏನೆಂದು ಹೇಳಲು ನಾನು ಅಡುಗೆಮನೆಯನ್ನೇ ಹಿಡಿದೆ. "ನೋಡಿ ಅಕ್ಕ, ಒಲೆ, ಕಾವಲಿ, ಭಟ್ಟರು ಎಲ್ಲ ಹಾರ್ಡ್‌ವೇರ್. ಸಪ್ಲಾಯರ್ ಬಂದು 'ಎರಡು ಮಸಾಲೆ' ಅಂತ ಕೂಗುತ್ತಾನಲ್ಲ, ಆ ಕೂಗು ಸಾಫ್ಟ್‌ವೇರ್. ಕೂಗಿಲ್ಲದಿದ್ದರೆ ಒಲೆ ಸುಮ್ಮನೆ ಉರಿಯುತ್ತದೆ. ಒಲೆಯಿಲ್ಲದಿದ್ದರೆ ಎಷ್ಟು ಕೂಗಿದರೂ ದೋಸೆ ಬರುವುದಿಲ್ಲ."

ಅಡುಗೆಯ ಭಟ್ಟರು ಸೌಟು ಕೆಳಗಿಟ್ಟರು. "ಇಷ್ಟು ವರ್ಷ ದುಡಿದು ನಾನು ಕಾವಲಿ ಲೆಕ್ಕದಲ್ಲಿ ಬಂದೆನಾ? ಮತ್ತೆ ಅವನು ಬರೀ ಬೊಬ್ಬೆ ಹೊಡೆಯುವವ, ಅವನು ಸಾಫ್ಟ್‌ವೇರಾ?"

ಅವತ್ತು ಮಧ್ಯಾಹ್ನದವರೆಗೆ ಭಟ್ಟರು ಯಾವ ಕೂಗಿಗೂ ಓಗೊಡಲಿಲ್ಲ. ಗಲಾಟೆ ಕೇಳಿ ಒಳಗೆ ಬಂದ ಯಜಮಾನರು, "ಹಾಗಾದ್ರೆ ನಾನು ಎಂತ?" ಎಂದರು.

ನನಗಿಂತ ಮೊದಲು ಅಕ್ಕನೇ ಹೇಳಿದರು: "ನೀವು ಸ್ಕ್ರೀನು. ಬಂದವರೆಲ್ಲ ನಿಮ್ಮನ್ನೇ ನೋಡುವುದು. ಕೆಲಸ ಬೇರೆಲ್ಲೋ ಆಗುವುದು."

ಆಯುಧಪೂಜೆ

ನವರಾತ್ರಿಯ ಹೊತ್ತಿಗೆ ಅಕ್ಕ ಬಿಲ್ ಮಾಡಲು ಕಲಿತಿದ್ದರು. ಯಜಮಾನರು ಶರತ್ತು ಹಾಕಿದರು: ದಸರಾ ಬೆಳಿಗ್ಗೆ ಅಕ್ಕ ಕೂತು ಬಿಲ್ ಮಾಡಬೇಕು. ಎಲ್ಲೂ ನಿಲ್ಲದೆ ನಡೆದರೆ ಗಲ್ಲಾ ಅವರದು. ನಿಂತರೆ ಇನ್ನು ಆ ಮಾತೇ ಎತ್ತಬಾರದು.

ನವಮಿಯ ದಿನ ಪೂಜೆ. ಗ್ರೈಂಡರಿಗೆ ಕುಂಕುಮವಾಯಿತು, ಫ್ರಿಜ್ಜಿಗಾಯಿತು. ಕಪ್ಪು ಡಬ್ಬಕ್ಕಂತೂ, ಕಾಲಿಟ್ಟ ಪಾಪ ಕಳೆಯಲೆಂದು, ಮಂತ್ರಿಗೆ ಹಾಕುವಷ್ಟು ದಪ್ಪದ ಚೆಂಡುಹೂವಿನ ಹಾರ. ಆಮೇಲೆ ಯಜಮಾನರು ಕುಂಕುಮದ ಬಟ್ಟಲು ಹಿಡಿದು ನಿಂತರು. "ಸಾಫ್ಟ್‌ವೇರಿಗೆ ಎಲ್ಲಿಡುವುದು ಮೇಡಂ?"

"ಅದು ಒಳಗಿದೆ, ಡಿಸ್ಕಿನಲ್ಲಿ."

"ಡಿಸ್ಕೇ ಸಾಫ್ಟ್‌ವೇರಾ?"

"ಅಲ್ಲ, ಡಿಸ್ಕು ಹಾರ್ಡ್‌ವೇರು. ಅದರಲ್ಲಿ ಬರೆದಿರುತ್ತದೆ."

"ತೆಗೆದರೆ ಕಾಣ್ತದಾ?"

"ಇಲ್ಲ. ಮುಟ್ಟಲಿಕ್ಕೂ ಆಗುವುದಿಲ್ಲ. ಆದರೆ ಎಲ್ಲವನ್ನೂ ನಡೆಸುವುದು ಅದೇ." ಹೇಳುತ್ತಾ ಹೇಳುತ್ತಾ ನನಗೇ ಗೊಂದಲವಾಯಿತು.

ಯಜಮಾನರು ಬಟ್ಟಲು ಕೆಳಗಿಟ್ಟು ಕೈಮುಗಿದರು. "ಮೊದಲೇ ಹೇಳ್ಬಾರದಾ? ನಾವು ದಿನಾ ಪೂಜೆ ಮಾಡುವುದು ಅದಕ್ಕೇ."

ದಸರಾ ಬೆಳಿಗ್ಗೆ

ಬಾಗಿಲಾಚೆಗೂ ಜನ. ಅಕ್ಕ ಬಿಲ್ ಮೇಲೆ ಬಿಲ್ ಹರಿದು ಕೊಡುತ್ತಿದ್ದರು. ಯಜಮಾನರ ಮುಖ ಸಣ್ಣದಾಗುತ್ತಿತ್ತು. ಅಷ್ಟರಲ್ಲಿ ಕಂಪ್ಯೂಟರ್ ಫಕ್ಕನೆ ಸತ್ತಿತು.

"ನಿಂತಿತು!" ಎಂದರು ಯಜಮಾನರು, ಲಾಟರಿ ಹೊಡೆದವರ ಹಾಗೆ.

ಲೋಕ ಸುತ್ತಿ ನಾನು ಕಲಿತ ವಿದ್ಯೆ ಒಂದೇ, ಆರಿಸಿ ಮತ್ತೆ ಹಚ್ಚುವುದು. ಹಚ್ಚಿದೆ. ಎರಡು ಉಸಿರು ಬಿಟ್ಟು ಮತ್ತೆ ಸತ್ತಿತು. ಬಿಲ್ಲಿನ ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದರೆ "ಹಾರ್ಡ್‌ವೇರ್ ತೊಂದರೆ" ಎಂದರು. ರಿಪೇರಿಯವನಿಗೆ ಮಾಡಿದರೆ "ಸಾಫ್ಟ್‌ವೇರ್ ತೊಂದರೆ" ಎಂದ. ಯಜಮಾನರು, "ಕುಂಕುಮ ಇಡದ್ದಕ್ಕೆ ಮುನಿಸು" ಎಂದರು. ನನಗೆ ಮೂವರೂ ಸರಿ ಅನ್ನಿಸಿತು.

ಅಕ್ಕ ಮಾತ್ರ ಬಗ್ಗಿ ಡಬ್ಬದ ಮೇಲೆ ಕೈಯಿಟ್ಟರು. "ಇದೆಂತದು, ಕಾವಲಿ ಹಾಗೆ ಸುಡ್ತಾ ಉಂಟು!" ಹಿಂದೆ ನೋಡಿದರೆ ಗಾಳಿಯಾಡುವ ಕಿಂಡಿಗೆಲ್ಲ ಚೆಂಡುಹೂವು, ಫ್ಯಾನಿಗೆ ಹಾರದ ನೂಲು. ಬಿಡಿಸಿ, ಒಂದಿಷ್ಟು ಬೀಸಣಿಗೆ ಬೀಸಿ ಹಚ್ಚಿದರು. ಕಂಪ್ಯೂಟರ್ ಗುರ್ರೆಂದು ಎದ್ದಿತು.

ಅಕ್ಕ ಹಾರವನ್ನು ಯಜಮಾನರ ಕೈಗಿಟ್ಟು ನನ್ನತ್ತ ತಿರುಗಿದರು. "ಈಗ ಪಾಠ ಅರ್ಥ ಆಯ್ತು ಮೇಡಂ. ಹಾರ ಹಾರ್ಡ್‌ವೇರು, ಇವರ ಭಕ್ತಿ ಸಾಫ್ಟ್‌ವೇರು. ಎರಡೂ ಸೇರಿಯೇ ಈ ಕೆಲಸ ಮಾಡಿದ್ದು."

"ಆದ್ರೂ ನಿಂತಿತಲ್ಲ, ಶರತ್ತು ಶರತ್ತೇ," ಎಂದರು ಯಜಮಾನರು.

ಒಳಗಿನಿಂದ ಭಟ್ಟರ ದನಿ: "ನಿಲ್ಲಿಸಿದ್ದು ಯಾರು?"

ಸಾಲಿನಲ್ಲಿದ್ದವರೆಲ್ಲ ಹಾರ ಹಿಡಿದು ನಿಂತ ಯಜಮಾನರನ್ನೇ ನೋಡಿದರು.

ಈಗ ಗಲ್ಲಾದಲ್ಲಿ ಅಕ್ಕ. ಯಜಮಾನರು ಇಸ್ತ್ರಿ ಶರ್ಟು ತೊಟ್ಟು ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು ನಗುತ್ತಾರೆ. ಹೇಗಿದೆ ಕಂಪ್ಯೂಟರ್ ಎಂದು ಮೊನ್ನೆ ಕೇಳಿದೆ. ಅಕ್ಕ ತಲೆಯೆತ್ತದೆ ಬಾಗಿಲ ಕಡೆ ಬೆರಳು ತೋರಿಸಿದರು.

"ಸ್ಕ್ರೀನ್ ಭಾರೀ ಕ್ಲಿಯರ್ ಉಂಟು ಮೇಡಂ."