ಕಾಲು ಸೇರು

ಕೆಂಪಯ್ಯ "ಕಾಲು ಹೋಯ್ತು" ಅಂದದ್ದೇ ತಪ್ಪಾಯಿತು. "ತುಪ್ಪ ಹೋಯ್ತು" ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಖಾಯಂ ಪೋಸ್ಟ್‌ಮ್ಯಾನ್ ಆಗಿ, ಮನೆಗೆ ಬಂದು ನಾಲ್ಕು ಒಬ್ಬಟ್ಟು ತಿಂದು, ಕಾಲು ಚಾಚಿ ಮಲಗಿರುತ್ತಿದ್ದ.

ಆರು ವರ್ಷದಿಂದ ಅವನು ಟೆಂಪರವರಿ. ಮೈಸೂರಿನ ಅಗ್ರಹಾರದ ಸಂದಿಗೊಂದಿಯನ್ನೆಲ್ಲ ಸುತ್ತಿ ಕಾಗದ ಹಂಚುತ್ತಿದ್ದವನಿಗೆ ಯಾರ ಮನೆಯ ಹುಡುಗಿಯ ಜಾತಕ ವಾಪಸ್ಸು ಬಂತು, ಯಾರ ಅಳಿಯ ಮನಿಯಾರ್ಡರು ನಿಲ್ಲಿಸಿದ ಎಂಬುದೆಲ್ಲ ಗೊತ್ತು. ನಾಳೆ ತನ್ನ ಕೆಲಸ ಇರುತ್ತದೋ ಇಲ್ಲವೋ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ವಠಾರದಲ್ಲಿ ಇಬ್ಬರು ಶಿವನಂಜಮ್ಮಂದಿರಿದ್ದರು. ಗುರುತಿಗಿರಲಿ ಎಂದು ಇವನ ಹೆಂಡತಿಯನ್ನು ಎಲ್ಲರೂ 'ಟೆಂಪರವರಿ ಶಿವನಂಜಮ್ಮ' ಎಂದು ಕರೆಯುತ್ತಿದ್ದರು. ಆಕೆ ನಗುತ್ತಲೇ ಓಗೊಡುತ್ತಿದ್ದಳು, ಒಳಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಅಂತೂ ಹುಕುಂ ಬಂತು. ಶನಿವಾರ ಸಂಜೆ ನಾಲ್ಕು ಗಂಟೆಗೆ ಪೋಸ್ಟ್‌ಮಾಸ್ಟರ್ ಷಡಕ್ಷರಯ್ಯನವರ ಎದುರು ಹಾಜರಾಗಿ ರುಜು ಹಾಕಿದರೆ ಕೆಲಸ ಖಾಯಂ. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವನಿಗೆ. "ಬೆಳಗಿನ ಬಟವಾಡೆಗೆ ಬೇರೆಯವನನ್ನ ಹಾಕ್ತೀನಿ. ಕ್ಷೌರ ಗೀರ ಮಾಡಿಸ್ಕೊಂಡು ನೀಟಾಗಿ ಬಾರಯ್ಯ" ಎಂದು ಷಡಕ್ಷರಯ್ಯನವರೇ ಬಿಡುವು ಕೊಟ್ಟಿದ್ದರು.

"ಇವತ್ತೂ ಒಬ್ಬಟ್ಟಿಗೆ ಎಣ್ಣೆ ಹಾಕ್ಕೊಂಡು ತಿನ್ನಕ್ಕಾಯ್ತದಾ? ಹೋಗಿ ಕಾಲು ಸೇರು ತುಪ್ಪ ತಂದ್ಬುಡಿ" ಎಂದು ಶಿವನಂಜಮ್ಮ ಗಿಂಡಿ ಕೈಗೆ ಕೊಟ್ಟಳು. ಇನ್ನು ಮೇಲೆ ಕಿಲೋ, ಗ್ರಾಮು ಎಂದು ಸರ್ಕಾರ ಆಗಲೇ ಸಾರಿತ್ತು. ಆ ಸುದ್ದಿ ತುಪ್ಪದ ಅಂಗಡಿಗಾಗಲಿ ಶಿವನಂಜಮ್ಮನಿಗಾಗಲಿ ತಲುಪಿರಲಿಲ್ಲ.

ತುಪ್ಪ ತುಂಬಿಸಿಕೊಂಡು ಕೆಂಪಯ್ಯ ರಸ್ತೆಗಿಳಿದದ್ದೇ ತಡ, ತಿರುವಿನಿಂದ ಹುಚ್ಚಣ್ಣನ ಬಸ್ಸು ನುಗ್ಗಿತು. ತಿರುವಿನಲ್ಲಿ ಹಾರ್ನ್ ಹೊಡೆಯುವುದು ಹೇಡಿಗಳ ಲಕ್ಷಣವೆಂದು ಅದರ ಡ್ರೈವರನ ಅಭಿಪ್ರಾಯ. ಕೆಂಪಯ್ಯ ಹಿಂದಕ್ಕೆ ನೆಗೆದು ಕುಂಡಿ ಊರಿ ಕೂತ. ಮೈಗೆ ಒಂದು ಗೀರೂ ಆಗಲಿಲ್ಲ. ಗಿಂಡಿ ಮಾತ್ರ ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾಯಿತು. ಘಮಘಮಿಸುವ ತುಪ್ಪ ಚರಂಡಿಯ ಕಡೆ ಹರಿಯಿತು, ಎರಡು ನಾಯಿಗಳು ಓಡಿ ಬಂದವು.

"ಅಯ್ಯೋ, ಕಾಲು ಹೋಯ್ತಲ್ಲಪ್ಪಾ! ಅಂಗೇ ಪೂರ್ತಿ ಕಾಲು ಹೋಯ್ತಲ್ಲಾ!" ಎಂದು ಕೆಂಪಯ್ಯ ತಲೆ ಚಚ್ಚಿಕೊಂಡ.

ಆ ಕೂಗು ಅಶ್ವತ್ಥನ ಕಿವಿಗೆ ಬಿತ್ತು. ಅಶ್ವತ್ಥ ಅದೇ ವಠಾರದವನು. ಕೆಲಸವೇನು ಎಂದು ಕೇಳಿದರೆ 'ವಕೀಲರ ಆಫೀಸಿನಲ್ಲಿ' ಎನ್ನುತ್ತಿದ್ದ. ಆಫೀಸಿನೊಳಗೆ ಅವನನ್ನು ಕಂಡವರಿಲ್ಲ. ಬಸ್ ಸ್ಟ್ಯಾಂಡು, ಆಸ್ಪತ್ರೆ ಗೇಟು, ಜಟಕಾ ನಿಲ್ಲುವ ಜಾಗ, ಇಲ್ಲೆಲ್ಲ ಠಳಾಯಿಸುತ್ತ, ಬಿದ್ದವರನ್ನು ವಕೀಲ ವೃಷಭೇಂದ್ರಪ್ಪನವರ ಹತ್ತಿರ ಹೊತ್ತೊಯ್ಯುವುದೇ ಅವನ ಉದ್ಯೋಗ. ಆ ವಾರ ಊರಿನಲ್ಲಿ ಒಬ್ಬ ನರಪಿಳ್ಳೆಯೂ ಬಿದ್ದಿರಲಿಲ್ಲ, ಅವನು ಬಹಳ ನೊಂದಿದ್ದ.

"ಅಲ್ಲಾಡ್ಬೇಡ ಕಣೋ ಕೆಂಪಯ್ಯ! ಎದ್ರೆ ಕೇಸು ಕೆಟ್ಟೋಯ್ತದೆ!" ಎಂದು ಓಡಿ ಬಂದು ಹೆಗಲ ಮೇಲಿನ ಟವೆಲನ್ನು ಕೆಂಪಯ್ಯನ ಬಲಗಾಲಿಗೆ ಬಿಗಿದೇಬಿಟ್ಟ.

"ಅಣ್ಣ, ಕಾಲು ಸೇರು ಕಣಣ್ಣ, ಕಾಲು ಸೇರು..."

"ಸೇರ್ತದೆ ಕಣೋ, ಸೇರ್ತದೆ. ಮೂಳೆ ಸೇರೋಕೆ ಆರು ತಿಂಗ್ಳು ಬೇಕು, ಅವಸರ ಮಾಡಿದ್ರೆ ಎಂಗೆ?"

"ಅಯ್ಯೋ ನಂಗೇನೂ ಆಗಿಲ್ಲ ಕಣಣ್ಣ!"

"ಪಾಪ, ನೋವೇ ಗೊತ್ತಾಗ್ತಿಲ್ಲ" ಎಂದಳು ಗುಂಪಿನಲ್ಲಿದ್ದ ಒಬ್ಬ ಹೆಂಗಸು. "ಗೊತ್ತಾಗಲ್ಲ ಕಣಮ್ಮ. ನಮ್ಮ ಷಡ್ಡಕನಿಗೆ ಪಾದವೇ ಹೋಗಿತ್ತು, ಮನೆಗೆ ನಡ್ಕೊಂಡು ಬಂದು ಊಟ ಮಾಡಿ ಆಮೇಲೆ ನೋಡ್ಕೊಂಡ" ಎಂದರು ಕೊಡೆ ಹಿಡಿದ ಮುದುಕರೊಬ್ಬರು. ಇಂಥವರು ಎಲ್ಲಿಂದ ಬರುತ್ತಾರೋ ಕಾಣೆ, ಒಬ್ಬನ ಗ್ರಹಚಾರ ಕೆಟ್ಟ ಕಡೆ ಇವರ ಷಡ್ಡಕ ಮೊದಲೇ ಹಾಜರ್. ನಾಲ್ಕು ಜನ ಸೇರಿ ಕೆಂಪಯ್ಯನನ್ನು ಜಟಕಾಕ್ಕೆ ತುಂಬಿದರು. ಅವನು ಒದ್ದಾಡಿದಷ್ಟೂ ನೋವಿಗೆ ಒದ್ದಾಡುತ್ತಿದ್ದಾನೆಂದು ಇನ್ನಷ್ಟು ಬಿಗಿಯಾಗಿ ಹಿಡಿದರು.

ವೃಷಭೇಂದ್ರಪ್ಪ ಅಂಡ್ ಕಂಪನಿಯ ಕಚೇರಿ ಅಗ್ರಹಾರದ ಒಂದು ಉದ್ದನೆಯ ಮನೆ. 'ಗಾಯಾಳುಗಳ ವಕೀಲರು. ಸ್ಥಾಪನೆ 1931' ಎಂದು ಬೋರ್ಡು. ಒಳಗೆ ಗೋಡೆಯ ಮೇಲೆ, ದೇವರ ಪಟಗಳಿಗಿಂತ ಒಂದು ಗೇಣು ಮೇಲೆ, ಕಟ್ಟು ಹಾಕಿಸಿದ ಬರಹ: 'ಸತ್ಯ, ಸೇವೆ, ಸಹಾನುಭೂತಿ. ಇವೇ ನಮ್ಮ ಸಂಸ್ಥೆಯ ಮೌಲ್ಯಗಳು.' ಸತ್ಯದ ಮೇಲೆ ಹಲ್ಲಿಯೊಂದು ಕೂತಿತ್ತು.

ಜರಿ ರುಮಾಲು, ಹಣೆ ತುಂಬ ವಿಭೂತಿಯ ವೃಷಭೇಂದ್ರಪ್ಪನವರು ಕೆಂಪಯ್ಯನ ಕಾಲನ್ನು ನೋಡಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಯಾರ ಕಾಲನ್ನೂ ನೋಡಿದವರಲ್ಲ. ಕಣ್ಣು ಮುಚ್ಚಿ ಸಂಸ್ಥೆಯ ಚರಿತ್ರೆ ಹೇಳತೊಡಗಿದರು. ಕೆಳಗೆ ಬಿದ್ದವರು ಯಾರೇ ಬರಲಿ, ನೀರು ಕೊಡುವುದಕ್ಕೆ ಮೊದಲು ಚರಿತ್ರೆ ಕೊಡುವುದು ಅಲ್ಲಿಯ ಪದ್ಧತಿ.

"ಮೂವತ್ತೊಂದನೇ ಇಸವಿ. ಇದೇ ಬೀದಿಯಲ್ಲಿ ಒಬ್ಬ ಅನಾಥೆ ಮುದುಕಿಗೆ ಜಟಕಾ ಕುದುರೆ ಒದೆಯಿತು. ಆಕೆಯ ಕಣ್ಣೀರು ನೋಡಿ ನನ್ನ ಕರುಳು ಕಿತ್ತು ಬಂತು. ಅವತ್ತೇ ಸಂಕಲ್ಪ ಮಾಡಿದೆ..."

ನಿಜ ಸಂಗತಿ ಅಗ್ರಹಾರದ ಹಳಬರಿಗೆಲ್ಲ ಗೊತ್ತು. ಕಕ್ಷಿದಾರರೇ ಇಲ್ಲದೆ ಜಗಲಿಯ ಮೇಲೆ ನೊಣ ಹೊಡೆಯುತ್ತಿದ್ದ ವೃಷಭೇಂದ್ರಪ್ಪನವರ ಹತ್ತಿರ ಆ ಮುದುಕಿ ಒಂದು ಲೋಟ ನೀರು ಕೇಳಿದಳು. ಇವರು ವಕಾಲತ್ತು ಕೊಟ್ಟರು. ಮೂರು ವರ್ಷ ಕೇಸು ನಡೆದು ಮುದುಕಿ ಗೆದ್ದಳು. ಅವಳಿಗೆ ಲಗಾಮು ಬಂತು, ಕುದುರೆ ಫೀಸಿನ ಬಾಬ್ತು ವಕೀಲರ ಹಿತ್ತಿಲಿಗೆ ಬಂತು. ಈ ಚರಿತ್ರೆಯನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

"ಸ್ವಾಮಿ, ತುಪ್ಪ..." ಎಂದು ಕೆಂಪಯ್ಯ ಬಾಯಿ ತೆರೆದ.

"ಖಂಡಿತ ಬೇಡ. ತುಪ್ಪ ನಂಜು. ಗಾಯ ಮಾಯೋವರೆಗೆ ಬರೀ ಗಂಜಿ ಕುಡಿ."

ಅಷ್ಟರಲ್ಲಿ ಅಶ್ವತ್ಥ ಮೇಜಿನ ಮೇಲಿನ ರೂಲುದೊಣ್ಣೆಯನ್ನು ಕೆಂಪಯ್ಯನ ಮೊಣಕಾಲಿಗೆ ಆನಿಸಿ, ಫೈಲು ಕಟ್ಟುವ ಕೆಂಪು ಟೇಪಿನಿಂದ ಸುತ್ತಿ ಗಂಟು ಹಾಕಿದ್ದ. ಕಾಲೂ ಒಂದು ದಾಖಲೆಯಾಯಿತು. ವೃಷಭೇಂದ್ರಪ್ಪನವರು ಎರಡು ಕಾಗದ ಮುಂದೆ ಸರಿಸಿ, "ಇಲ್ಲಿ ರುಜು ಹಾಕು. ಇಲ್ಲೊಂದು" ಎಂದರು.

ಕೆಂಪಯ್ಯ ಹಾಕಿಬಿಟ್ಟ! ದಡ್ಡ ಎಂದು ಬೈಯುವವರು ಸ್ವಲ್ಪ ತಾಳಬೇಕು. ಆರು ವರ್ಷದಿಂದ ದಿನಾ ಮನೆಮನೆಯ ಬಾಗಿಲಲ್ಲಿ ನಿಂತು ರಿಜಿಸ್ಟರ್ ಕಾಗದದ ರಸೀತಿ ಹಿಡಿದು "ಇಲ್ಲಿ ರುಜು ಹಾಕಿ ಸ್ವಾಮಿ" ಎನ್ನುತ್ತಿದ್ದವನು ಅವನು. ಜಡ್ಜರು, ಪ್ರೊಫೆಸರರು, ಮಠದ ಪಾರುಪತ್ತೇಗಾರರು, ಒಬ್ಬರಾದರೂ ಅದರಲ್ಲೇನಿದೆ ಎಂದು ಓದಿ ರುಜು ಹಾಕಿದ್ದನ್ನು ಅವನು ಕಂಡಿರಲಿಲ್ಲ. ಓದದೆ ರುಜು ಹಾಕುವುದೇ ದೊಡ್ಡವರ ರೀತಿ ಎಂದು ತಿಳಿದಿದ್ದ. ಆ ಮಾತು ಕಿವಿಗೆ ಬೀಳುತ್ತಲೇ ಕೈ ತಾನಾಗಿ ಹೋಯಿತು.

"ಮೊದಲನೇದು ವಕಾಲತ್ತು. ಎರಡನೇದು ನಿನ್ನ ಪೋಸ್ಟ್‌ಮಾಸ್ಟರಿಗೆ. ಬಸ್ಸು ಹೊಡೆದು ನನ್ನ ಕಾಲು ಹೋಗಿದೆ, ಇನ್ನು ನಡೆಯಲಾರೆ, ಸಂಬಳದ ಸರ್ಟಿಫಿಕೇಟು ಕೊಡಿ ಅಂತ" ಎಂದು ವೃಷಭೇಂದ್ರಪ್ಪನವರು ಹೇಳುವ ಹೊತ್ತಿಗೆ ಅಶ್ವತ್ಥನ ಸೈಕಲ್ಲು ಆ ಕಾಗದದ ಸಮೇತ ಬೀದಿಯ ಕೊನೆ ಮುಟ್ಟಿತ್ತು.

"ಅಯ್ಯಯ್ಯೋ! ನನ್ನ ಕಾಲು ಹೋಗಿಲ್ಲ ಸ್ವಾಮಿ! ಹೋಗಿರೋದು ಕಾಲು ಸೇರು ತುಪ್ಪ! ಗಿಂಡಿ ತುಪ್ಪ! ನಾಯಿ ನೆಕ್ಕೋಯ್ತು!" ಎಂದು ಕೆಂಪಯ್ಯ ಕೂಗಿ, ರೂಲುದೊಣ್ಣೆ ಸಮೇತ ಎದ್ದು ನಿಂತು ಎರಡು ಸಲ ಕುಣಿದ.

ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ವೃಷಭೇಂದ್ರಪ್ಪನವರು ಕನ್ನಡಕ ಒರೆಸಿಕೊಂಡರು.

"ಕೂತ್ಕೊಳಪ್ಪ. ತುಪ್ಪಕ್ಕೆ ದಾವಾ ಹಾಕಿದರೆ ಏನು ಬರುತ್ತೆ, ಕಾಲಿಗೆ ಹಾಕಿದರೆ ಏನು ಬರುತ್ತೆ, ನೀನೇ ಯೋಚನೆ ಮಾಡು."

"ನಂಗೆ ಏನೂ ಬರೋದು ಬ್ಯಾಡ ಸ್ವಾಮಿ, ಕೆಲಸ ಉಳುದ್ರೆ ಸಾಕು! ನಾಲ್ಕು ಗಂಟೆಗೆ ಖಾಯಮ್ಮಾಗ್ಬೇಕು. ಆ ಕಾಗದ ವಾಪಸ್ ತರಿಸ್ಬುಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಈ ಸಂಸ್ಥೆಯಿಂದ ಹೊರಟ ಕಾಗದ ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ವಾಪಸ್ ಬಂದಿಲ್ಲ. ಸತ್ಯ ಅಂದರೆ ಅದು. ಒಂದು ಸಲ ಹೇಳಿದರೆ ಬದಲಾಯಿಸೋ ಹಾಗಿಲ್ಲ." ಎಂಥ ಮಾತು! ಇಂಥ ಸತ್ಯ ಕೇಳಿಯೇ ಇರಬೇಕು, ಗೋಡೆಯ ಹಲ್ಲಿ ಸರಕ್ಕನೆ ಜಾಗ ಖಾಲಿ ಮಾಡಿತು. "ಮುಂದಿನ ಬಾಗಿಲಿಂದ ನಡಕೊಂಡು ಹೋಗಬೇಡ. ಜಗಲಿ ಮೇಲೆ ಬೇರೆ ಕಕ್ಷಿದಾರರು ಕೂತಿದ್ದಾರೆ, ಅವರ ಮನಸ್ಸು ಕೆಡುತ್ತೆ. ಕತ್ತಲಾದ ಮೇಲೆ ಹೊತ್ತು ಸಾಗಿಸ್ತೀವಿ" ಎಂದು ಹೇಳಿ ವೃಷಭೇಂದ್ರಪ್ಪನವರು ಊಟಕ್ಕೆ ಎದ್ದರು. ಊಟದ ಮೇಲೆ ನಿದ್ದೆಯೂ ಆಯಿತು. ಅಷ್ಟು ಹೊತ್ತೂ, ವಾಪಸ್ ಬಂದ ಅಶ್ವತ್ಥ ಮುಂಬಾಗಿಲಿಗೆ ಅಡ್ಡ ಕೂತಿದ್ದ.

ಗಡಿಯಾರ ಮೂರೂವರೆ ತೋರಿಸಿದಾಗ ಕೆಂಪಯ್ಯ, ಬಚ್ಚಲಿಗೆ ಹೋಗುತ್ತೇನೆಂದು ಕುಂಟುತ್ತ ಎದ್ದವನು ಅಡುಗೆಮನೆ ದಾಟಿ ಹಿಂದಿನ ಬಾಗಿಲಿಗೆ ನುಗ್ಗಿದ. ಅಲ್ಲಿ ಇನ್ನೊಂದು ಕೋಣೆ, ಇನ್ನೊಂದು ಮೇಜು. ಹೊರಗೆ ಹಿಂದಿನ ಬೀದಿಗೆ ಮುಖ ಮಾಡಿ ಇನ್ನೊಂದು ಬೋರ್ಡು: 'ಸುಂದರೇಶ, ಮೋಟಾರು ಮಾಲೀಕರ ವಕೀಲರು.' ಬೆಂಚಿನ ಮೇಲೆ ಬಸ್ಸಿನ ಮಾಲೀಕ ಹುಚ್ಚಣ್ಣ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಈ ಸುಂದರೇಶ ವೃಷಭೇಂದ್ರಪ್ಪನವರ ಪಾಲುದಾರ. ಬಿದ್ದವರು ಮುಂದಿನ ಬಾಗಿಲಿಗೆ, ಬೀಳಿಸಿದವರು ಹಿಂದಿನ ಬಾಗಿಲಿಗೆ. ಕೋರ್ಟಿನಲ್ಲಿ ಇಬ್ಬರೂ ಮೇಜು ಕುಟ್ಟಿ ಜಗಳವಾಡುವರು, ಮಧ್ಯಾಹ್ನ ನಡುಮನೆಯಲ್ಲಿ ಒಂದೇ ಪಾತ್ರೆಯ ಕಾಫಿ ಕುಡಿಯುವರು. ಊರಿನಲ್ಲಿ ಯಾರು ಗೆದ್ದರೂ ಸೋತರೂ ಆ ಅಡುಗೆಮನೆಯ ಒಲೆ ಆರುತ್ತಿರಲಿಲ್ಲ. ಥೂ!

ಕೆಂಪಯ್ಯ ಕೆಂಪು ಟೇಪು ಕಿತ್ತೆಸೆದು ಕಾಲು ಜಾಡಿಸುವುದನ್ನು ಸುಂದರೇಶ ಕಣ್ಣರಳಿಸಿ ನೋಡಿದ.

"ಏನ್ರೀ, ನಿಮ್ಮ ಕಾಲು ಸರಿಯಾಗಿದೆಯಾ?"

"ಎರಡೂ ಸರಿಯಾಗವೆ ಸ್ವಾಮಿ! ಬೇಕಾದ್ರೆ ನೋಡಿ!" ಕೆಂಪಯ್ಯ ಬೆಂಚು ಹತ್ತಿ ಧುಮುಕಿದ. ಹುಚ್ಚಣ್ಣ ಆನಂದದಿಂದ ಅವನ ಮೀನಖಂಡ ಹಿಚುಕಿ ಹಿಚುಕಿ ನೋಡಿದ.

"ಹಾಗಂತ ಬರೆದುಕೊಡ್ತೀರಾ?"

"ಬೇಗ ಬರೀರಿ ಸ್ವಾಮಿ! ನಂಗೂ ಒಂದು ಪ್ರತಿ ಕೊಡಿ. ನಮ್ಮ ಪೋಸ್ಟ್‌ಮಾಸ್ಟರಿಗೆ ತೋರಿಸ್ಬೇಕು."

ಲೋಕದಲ್ಲಿ ಇಂಥ ಪುಣ್ಯಾತ್ಮ ವಕೀಲರೂ ಇದ್ದಾರಲ್ಲ ಎಂದು ಕೆಂಪಯ್ಯನ ಕಣ್ಣು ತುಂಬಿ ಬಂತು. ಸುಂದರೇಶ ಕಾರ್ಬನ್ ಇಟ್ಟು ಸರಸರನೆ ಗೀಚಿದ. ನಾಲ್ಕಕ್ಕೆ ಹತ್ತೇ ನಿಮಿಷ. "ಇಲ್ಲಿ ರುಜು ಹಾಕಿ" ಎಂದ. ಹಾಕಿಯಾಯಿತು. ಪ್ರತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಕೆಂಪಯ್ಯ ಕಿತ್ತ ಓಟ ಅಗ್ರಹಾರದವರು ಅವನ ಆರು ವರ್ಷದ ಬಟವಾಡೆಯಲ್ಲಿ ಕಂಡಿರಲಿಲ್ಲ.

ಅಂಚೆ ಕಚೇರಿಯಲ್ಲಿ ಷಡಕ್ಷರಯ್ಯನವರು ಅಶ್ವತ್ಥ ತಂದ ಕಾಗದವನ್ನು ಮುಂದಿಟ್ಟುಕೊಂಡು ಮಂಕಾಗಿ ಕೂತಿದ್ದರು. ಪಟ್ಟಿಯಲ್ಲಿ ಮುಂದಿನವನು, ಸಿದ್ದರಾಜು ಎಂಬ ದಪ್ಪ ಮೀಸೆಯವನು, ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದ. ಕೆಂಪಯ್ಯ ಮೆಟ್ಟಿಲು ಹಾರಿ ಒಳಗೆ ಬಂದದ್ದನ್ನು ಕಂಡು ಷಡಕ್ಷರಯ್ಯನವರು ಕುರ್ಚಿ ಬಿಟ್ಟು ಎದ್ದರು.

"ಅಯ್ಯೋ ಪುಣ್ಯಾತ್ಮ! ಓಡಿ ಬಂದ್ಯಲ್ಲೋ! ಕಾಲು ಹೋಯ್ತು ಅಂತ ಬರೆದಿದೀಯ, ಹೊಟ್ಟೆಗೆ ಬೆಂಕಿ ಬಿದ್ದಂಗಾಗಿತ್ತು ಕಣಯ್ಯ!"

"ಎಲ್ಲ ಆ ವಕೀಲರ ಕಿತಾಪತಿ ಸ್ವಾಮಿ. ನೋಡಿ, ಕಾಲು ಸರಿಯಾಗದೆ ಅಂತ ಕಾಗದಾನೂ ತಂದಿವ್ನಿ."

ಷಡಕ್ಷರಯ್ಯನವರು ನಗುತ್ತ ಓದಲು ಶುರು ಮಾಡಿದರು. ಅರ್ಧಕ್ಕೆ ನಗು ನಿಂತಿತು. ಮತ್ತೊಂದು ಸಲ, ಈ ಸಲ ಗಟ್ಟಿಯಾಗಿ, ಓದಿದರು:

"ಕೆಂಪಯ್ಯನೆಂಬ ನಾನು, ನನ್ನ ಎರಡೂ ಕಾಲುಗಳು ಸುಸ್ಥಿತಿಯಲ್ಲಿದ್ದಾಗ್ಯೂ, ಹಣದಾಸೆಯಿಂದ ಕಾಲು ಹೋಯಿತೆಂದು ಸುಳ್ಳು ಹೇಳಿ, ಗೊತ್ತಿದ್ದೂ ಸುಳ್ಳು ಕಾಗದಕ್ಕೆ ರುಜು ಹಾಕಿರುತ್ತೇನೆಂದು, ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟಿದ್ದು ಸರಿ."

"ಇಲ್ಲ ಸ್ವಾಮಿ, ನಾನು ಅಂಗೆ ಹೇಳೇ ಇಲ್ಲ! ಅದು ತುಪ್ಪ, ಕಾಲು ಸೇರು ತುಪ್ಪ..." ಎಂದು ಕೆಂಪಯ್ಯ ಬೆಳಗಿನಿಂದ ನಡೆದದ್ದನ್ನೆಲ್ಲ ಅಳುತ್ತ ಒಪ್ಪಿಸಿದ.

ಷಡಕ್ಷರಯ್ಯನವರು ಪೂರ್ತಿ ಕೇಳಿದರು. ಆರು ವರ್ಷ ಒಂದು ಕಾಸು ಆಚೆ ಈಚೆ ಮಾಡದ ಮನುಷ್ಯ ಇವನು ಎಂದು ಅವರಿಗೆ ಗೊತ್ತಿತ್ತು.

"ನಾನು ನಂಬ್ತೀನಿ ಕಣಯ್ಯ. ಆದರೆ ಮೊದಲನೇ ಕಾಗದ ಆಗಲೇ ದಾಖಲಾಗಿದೆ, ಎರಡನೇದರ ಮೂಲ ವಕೀಲರ ಹತ್ತಿರ ಇದೆ, ಫೈಲು ಮೇಲಕ್ಕೆ ಹೋಗುತ್ತೆ. ಅದರಲ್ಲಿ ತುಪ್ಪ ಎಲ್ಲಿದೆ? ಇರೋದು ಈ ಎರಡು ಕಾಗದ. ಇದನ್ನ ನಂಬಿದರೆ ನಿನಗೆ ಕಾಲಿಲ್ಲ, ಬೀದಿ ಸುತ್ತೋಕಾಗಲ್ಲ. ಅದನ್ನ ನಂಬಿದರೆ ನಿನಗೆ ನಿಯತ್ತಿಲ್ಲ, ಕೈಗೆ ಮನಿಯಾರ್ಡರು ಕೊಡೋ ಹಾಗಿಲ್ಲ. ಎರಡರ ಮೇಲೂ ನಿನ್ನದೇ ರುಜು. ಈಗ ಇದರಲ್ಲಿ ಯಾವ ಕೆಂಪಯ್ಯನ್ನ ನಾನು ಖಾಯಂ ಮಾಡಲಿ, ನೀನೇ ಹೇಳು."

ಕೆಂಪಯ್ಯ ಒಂದು ಕಾಗದ ನೋಡಿದ, ಇನ್ನೊಂದು ಕಾಗದ ನೋಡಿದ. ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಸಿದ್ದರಾಜು ಬೆಂಚಿನಿಂದ ಎದ್ದು ಬಂದು, ಅವನನ್ನು ಒಂಚೂರು ಪಕ್ಕಕ್ಕೆ ಸರಿಸಿ, ಲೇಖನಿಗೆ ಕೈ ಚಾಚಿದ.