ಮನಸಿನ್ಯಾಗ ಒದರ್ರಿ

ಹುಬ್ಬಳ್ಳಿಯಲ್ಲಿ ಸಪ್ಪಳ ಮಾಡದೆಯೂ ಒಂದು ಕೆಲಸ ಆದೀತು ಎಂದು ನಂಬಿದ ಮನುಷ್ಯ ಒಬ್ಬನೇ ಒಬ್ಬನಿದ್ದ. ನಮ್ಮಪ್ಪ ಊರೂರು ತಿರುಗಿ, ಜಾತಕ ತೋರಿಸಿ, ನನ್ನನ್ನು ಆ ಮನುಷ್ಯನಿಗೇ ಕೊಟ್ಟ!

ನೀವೇ ಹೇಳಿರಿ, ಇದು ಎಂಥ ಊರು? ಬೆಳಗಾದರೆ ಗಿರಣಿಯ ಭೋಂಗಾ. ಅದು ನಿಂತರೆ ರೈಲಿನ ಸೀಟಿ. ಅದೂ ನಿಂತರೆ ಟಾಂಗಾದವರ ಜಗಳ. ಹತ್ತಿ ಪೇಟೆಯಲ್ಲಿ ಇಬ್ಬರು ಗುಟ್ಟು ಮಾತಾಡಿದರೆ ಬೆಂಗೇರಿಯ ತನಕ ಕೇಳಿಸುತ್ತದೆ. ಇಂಥ ಊರಿನಲ್ಲಿ ಇವರು ತುಟಿಯ ಮೇಲೆ ಬೆರಳಿಟ್ಟು "ಶ್..." ಎನ್ನುತ್ತ ತಿರುಗುತ್ತಿದ್ದರು. ಯಾರಿಗೆ? ಮಕ್ಕಳಿಗಲ್ಲ, ನನಗೂ ಅಲ್ಲ. ಗಾಡಿಯ ಗಾಲಿಗಳಿಗೆ!

ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಮೊದಲ ದಿನವೇ ಎಚ್ಚರಿಸಿದ್ದರು. ನಮ್ಮ ಕಡೆ ಹೆಂಗಸರು ಒಡಪು ಕಟ್ಟಿ, ಅದರ ನಡುವೆ ಗಂಡನ ಹೆಸರನ್ನು ಸೇರಿಸಿ ಹೇಳುವುದುಂಟು. ಆದರೆ ಮುತ್ತು, ಮಲ್ಲಿಗೆ, ಬೆಳ್ಳಿ ಬಟ್ಟಲಿನ ಜೊತೆ ಪ್ರಾಸ ಕೂಡುವ ಗಂಡಂದಿರೇ ಬೇರೆ. ಗಾಲಿಗೆ ಬಿಡುವ ಔಡಲ ಎಣ್ಣೆಯ ಜೊತೆ ನಾನು ಯಾವ ಪ್ರಾಸ ಕೂಡಿಸಲಿ? ಅದಕ್ಕೇ ಇಲ್ಲಿಯೂ ಅವರು ಬರೀ 'ಇವರು'.

ನಯಾ ಪೈಸೆ ಬಂದ ಹೊಸದರಲ್ಲಿ ಇವರಿಗೆ ಊರಿನ ಒಂದು ಧರ್ಮಾರ್ಥ ದವಾಖಾನೆಯ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಔಷಧದ ಪೆಟ್ಟಿಗೆ, ಹಾಸಿಗೆಯ ಗಂಟು, ಹಾಲಿನ ಕ್ಯಾನು, ಆಕ್ಸಿಜನ್ ಸಿಲಿಂಡರು, ಹೀಗೆ ಭಾರವಾದದ್ದನ್ನೆಲ್ಲ ಕೈಗಾಡಿಯ ಮೇಲೆ ಹೇರಿ ವಾರ್ಡಿಗೆ ಮುಟ್ಟಿಸುವುದು. ಗಾಡಿಗೆ ಕಬ್ಬಿಣದ ಗಾಲಿ, ಕೆಳಗೆ ಶಹಾಬಾದಿ ಫರಸಿ ಕಲ್ಲಿನ ನೆಲ. ಅದು ಹೊರಟರೆ ಆಕಾಶದಲ್ಲಿ ಗುಡುಗು ನಾಚಬೇಕು. ರೋಗಿಗಳು ಮಲಗಿದಲ್ಲಿಯೇ ಸಪ್ಪಳದ ಮೇಲೆ ಸಾಮಾನು ಗುರುತಿಸುತ್ತಿದ್ದರು. ಲೊಟಲೊಟ ಎಂದರೆ ಹಾಲು. ಧಡಧಡ ಎಂದರೆ ಸಿಲಿಂಡರು. ಸಿಲಿಂಡರಿಗೆ ಅವರು ಇಟ್ಟ ಹೆಸರು 'ಕಡೀ ಗಾಡಿ'. ಅದು ಯಾರ ಮಂಚದ ಹತ್ತಿರ ನಿಲ್ಲುತ್ತದೋ ಅವರ ಮನೆಯವರು ಆಗಲೇ ಅಳಲು ಶುರು.

ಒಂದು ದಿನ ಇವರು ಧಡಧಡ ನೂಕಿಕೊಂಡು ಹೋಗುವಾಗ ರಾಯಾಪುರದ ಕಡೆಯ ಒಬ್ಬ ಮುದುಕ, ಪಾಪ, ಬರೀ ಹೊಟ್ಟೆನೋವಿಗೆಂದು ಬಂದವ, ಮಂಚದಿಂದ ಜಿಗಿದು ಮಂಚದ ಕೆಳಗೇ ಸೇರಿದನಂತೆ.

"ನನ್ನ ಪಾಳಿ ಅಲ್ರೀ ಇದು! ಬಾಜೂದಂವನ್ನ ಕೇಳ್ರಿ!"

ಮೂರು ದಿನದಿಂದ ನರಳುವುದನ್ನು ಬಿಟ್ಟು ಬೇರೇನೂ ಮಾಡದಿದ್ದ ಪಕ್ಕದ ಮಂಚದವ ಎದ್ದು ಕೂತು, "ಏ ಮುದುಕಾ, ನಿಂದ ನೀ ನೋಡ್ಕೋ!" ಎಂದು ಬೈದನಂತೆ. ಡಾಕ್ಟರರ ಔಷಧಕ್ಕೆ ಆಗದ್ದು ಗಾಡಿಗೆ ಆಯಿತು, ನೋಡಿರಿ!

ಈ ಸುದ್ದಿ ಹೇಳಿ ನನ್ನನ್ನು ನಗಿಸಿದವಳು ದವಾಖಾನೆಯ ಆಯಾ. ನಮ್ಮ ಓಣಿಯವಳೇ, ಅಲ್ಲಿ ನಡೆದದ್ದೆಲ್ಲ ಇವರಿಗಿಂತ ಮೊದಲು ಮನೆಗೆ ಬರುತ್ತಿದ್ದುದು ಅವಳಿಂದ. ಇವರು ಮಾತ್ರ ನಗಲಿಲ್ಲ. ಆ ದಿನ ರೊಟ್ಟಿಯನ್ನೂ ಮುಟ್ಟಲಿಲ್ಲ.

"ಬೆನ್ನ ಹಿಂದ ಬಂದು ನಿಂತರೂ ಮಂದಿಗೆ ಗೊತ್ತಾಗಬಾರದು. ಹಂಗ ಬರಬೇಕು" ಅಂದರು.

"ಹಂಗ ಬರೋವ್ರಿಗೆ ನಮ್ಮೂರಾಗ ಕಳ್ಳರು ಅಂತಾರ್ರಿ" ಅಂದೆ ನಾನು.

ಅಂದಿನಿಂದ ಹಿಡಿಯಿತು ಹುಚ್ಚು. ಸೈಕಲ್ಲಿನ ಹಳೆಯ ಟೈರು ಕತ್ತರಿಸಿ ಗಾಲಿಗೆ ಸುತ್ತಿದರು. ಗುಜರಿ ಅಂಗಡಿಗಳಿಗೆಲ್ಲ ಅಲೆದು ಬೇರಿಂಗು ತಂದರು. ಮನೆಯಲ್ಲಿದ್ದ ಔಡಲ ಎಣ್ಣೆಯ ಬಾಟಲಿ ದವಾಖಾನೆಗೆ ಹೋಯಿತು. ತಿಂಗಳಿಗೊಮ್ಮೆ ಮೂಗು ಹಿಡಿಸಿಕೊಂಡು ಆ ಎಣ್ಣೆ ಕುಡಿಯುತ್ತಿದ್ದ ನಮ್ಮ ಮಕ್ಕಳು ಅಪ್ಪನನ್ನು ದೇವರೆಂದು ತಿಳಿದದ್ದು ಆಗಲೇ!

ಈ ಹುಚ್ಚು ಬರೀ ದವಾಖಾನೆಯಲ್ಲೇ ಉಳಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಅದು ಮನೆಗೂ ಬಂತು. ಜೋಳದ ಡಬ್ಬಿಗೆ ಗಾಲಿ, ನೀರಿನ ಹಂಡೆಯ ಕೆಳಗೆ ಗಾಲಿ. ಕಡೆಗೆ ನಮ್ಮತ್ತೆಯ ಮಂಚಕ್ಕೂ ಗಾಲಿ! ಒಂದು ಮಧ್ಯಾಹ್ನ ಅತ್ತೆ ಒಳಕೋಣೆಯಲ್ಲಿ ಗಾಢ ನಿದ್ದೆಯಲ್ಲಿದ್ದರು. ಇವರು ಹೊಸ್ತಿಲುಗಳ ಮೇಲೆ ಹಲಗೆ ಹಾಸಿ, ಹೆತ್ತ ತಾಯಿಯನ್ನು ಮಂಚ ಸಮೇತ ಹಿತ್ತಲಿಗೆ ಸಾಗಿಸಿ, ಎಚ್ಚರವಾಗಲಿಲ್ಲವೆಂದು ಹಿಗ್ಗಿ, ಚಹಾ ಕುಡಿಯಲು ಹೊರಟುಹೋದರು.

ಅತ್ತೆ ಕಣ್ಣು ಬಿಟ್ಟಾಗ ಮೇಲೆ ನೀಲಿ ಆಕಾಶ. ತೇಲುವ ಬಿಳಿ ಮೋಡ. ಎರಡೂ ಕೈ ಮುಗಿದು, "ಶಿವಾ, ಬಂದ್ನೆಪಾ ನಿನ್ನ ಪಾದಕ್ಕ" ಅಂದರು. ಆಮೇಲೆ ನಿಧಾನವಾಗಿ ಕತ್ತು ಹೊರಳಿಸಿದರು. ಅಲ್ಲಿ ಬಟ್ಟೆ ಒಣಹಾಕುತ್ತ ನಾನು ನಿಂತಿದ್ದೆ. ಅವರ ಮುಖ ಸಪ್ಪಗಾಯಿತು.

"ಇಲ್ಲಿಗೂ ಬಂದ್ಯಾ ನೀ?"

ಇನ್ನು ಎಕ್ಸ್‌ರೇ ಯಂತ್ರದ ಕಥೆ. ಮುಂಬೈಯಿಂದ ಅದು ದೊಡ್ಡ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬಂದಾಗ, ಎತ್ತಿನ ಬಂಡಿಯಿಂದ ಕೈಗಾಡಿಗೆ ಇಳಿಸಲು ಪೇಟೆಯ ಹಮಾಲರನ್ನು ಕರೆಸಿದರು. ಹಮಾಲರು ಪೆಟ್ಟಿಗೆಯ ನಾಲ್ಕು ಮೂಲೆಗೆ ನಿಂತು, ಬಗ್ಗಿ, ರೂಢಿಯಂತೆ "ಹೈಸ್ಸಾ" ಎನ್ನಲು ಬಾಯಿ ತೆರೆದರು. ಇವರು ಓಡಿಬಂದು ಬೆರಳೆತ್ತಿದರು.

"ಶ್! ಒದರಬ್ಯಾಡ್ರಿ. ಒಳಗ ಪೇಷಂಟ್ ಮಲಗ್ಯಾರ."

ಹಮಾಲರ ಹಿರಿಯ ತಲೆ ಕೆರೆದುಕೊಂಡ. "ಒದರಲಿಲ್ಲಂದ್ರ ಕೈಗೆ ಸುದ್ದಿ ಹೆಂಗ ಮುಟ್ಟಬೇಕ್ರಿ ಸಾಹೇಬ್ರ?"

"ಮನಸಿನ್ಯಾಗ ಒದರ್ರಿ."

"ನಾಕೂ ಮಂದಿ ಮನಸಿನ್ಯಾಗ ಒದರಿದ್ರ ಒಬ್ಬಂದು ಒಬ್ಬಗ ಕೇಳೂದು ಹೆಂಗ್ರಿ?"

ಎಂಥ ಪ್ರಶ್ನೆ! ಆದರೆ ಇವರು ಪ್ರಶ್ನೆಗೆಲ್ಲ ಉತ್ತರ ಕೊಡುವ ಪೈಕಿ ಅಲ್ಲ. ಮತ್ತೆ "ಶ್" ಅಂದರು. ಪಾಪ, ನಾಲ್ವರೂ ಮನಸ್ಸಿನೊಳಗೇ ಒದರಿದರು, ಒಬ್ಬೊಬ್ಬ ಒಂದೊಂದು ಹೊತ್ತಿಗೆ. ಒಂದು ಮೂಲೆ ಎದ್ದಾಗ ಇನ್ನೊಂದು ಮೂಲೆ ಇಳಿಯಿತು. ಇಳಿದ ಮೂಲೆ ಬೇರೆಲ್ಲೂ ಜಾಗ ಕಾಣದೆ ಇವರ ಬಲಗಾಲಿನ ಹೆಬ್ಬೆರಳ ಮೇಲೆ ಬಂದು ಕೂತಿತು.

ಬೇರೆ ಯಾರೇ ಆಗಿದ್ದರೂ ಆ ಕೂಗು ಧಾರವಾಡಕ್ಕೆ ಕೇಳಿಸುತ್ತಿತ್ತು. ಇವರ ಬಾಯಿಂದ ಒಂದು ಸೊಲ್ಲು ಹೊರಡಲಿಲ್ಲ. ಪೆಟ್ಟಿಗೆ ಸರಿಸಿದ ಮೇಲೆ, ಮುಖ ಕೆಂಪಗೆ, ಕುಂಟುತ್ತ ಕುಂಟುತ್ತ ವರಾಂಡ ದಾಟಿ, ಅಂಗಳ ದಾಟಿ, ಗೇಟು ದಾಟಿ, ರಸ್ತೆಯ ಆಚೆಗಿನ ಹುಣಸೆ ಮರದ ಕೆಳಗೆ ಹೋಗಿ ನಿಂತರು. ಹಿಂತಿರುಗಿ ಒಮ್ಮೆ ದವಾಖಾನೆಯನ್ನು ನೋಡಿದರು. ದೂರ ಸಾಕೆಂದು ಖಾತ್ರಿಯಾಗಿರಬೇಕು. ಆಗ ಒದರಿದರಂತೆ! ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವಂತೆ.

"ಏನಾರ ಅನ್ರಿ, ಮಶೀನಿಗೆ ಒಂದು ಗೀರು ಬೀಳಲಿಲ್ಲ" ಎಂದು ಇವರು ನನ್ನೆದುರು ಕಾಲು ಚಾಚಿ ಕೂತಿದ್ದರು. ಆ ಬೆರಳು ಕಡೆಯ ತನಕ ಚಪ್ಪಟೆಯಾಗಿಯೇ ಉಳಿಯಿತು. ಭಾರವನ್ನು ಜೋಪಾನವಾಗಿ ಸಾಗಿಸುವುದನ್ನು ಊರಿಗೇ ಕಲಿಸಹೊರಟವರ ಕಾಲು ನೋಡಿ ಊರೇ ನಕ್ಕಿತು. ನಾನೇನು ಹಿಂದೆ ಬೀಳಲಿಲ್ಲ.

ಆದರೆ ಸಪ್ಪಳವಿಲ್ಲದ ಗಾಡಿಗೂ ಒಂದು ದೋಷವುಂಟು. ಅದು ಬರುವುದು ಗೊತ್ತಾಗದಿದ್ದರೆ ಮನುಷ್ಯ ಸರಿಯುವುದಾದರೂ ಹೇಗೆ? ಒಂದು ದಿನ ದವಾಖಾನೆಯ ಅಧ್ಯಕ್ಷರು, ಹತ್ತಿ ವ್ಯಾಪಾರದಲ್ಲಿ ಗಳಿಸಿ ಧರ್ಮದಲ್ಲಿ ಹೆಸರು ಮಾಡಿದವರು, ನಾಲ್ಕು ಜನ ದಾನಿಗಳನ್ನು ಕರೆದುಕೊಂಡು ಬಂದಿದ್ದರು. ವಾರ್ಡಿನ ನಡುವೆ ನಿಂತು ಕೈ ಚಾಚಿ, "ಇಲ್ಲಿ ಶಾಂತತಾ ಹೆಂಗೈತಿ ನೋಡ್ರಿ" ಎನ್ನುವಾಗ, ಆ ಶಾಂತತೆಯೇ ಹಿಂದಿನಿಂದ ಬಂದು ಅವರ ಮೊಣಕಾಲಿನ ಸಂದಿಗೆ ಬಡಿಯಿತು! ಆಯಾ ಹಾಲಿನ ಕ್ಯಾನಿನ ಗಾಡಿ ನೂಕಿಕೊಂಡು ಬರುತ್ತಿದ್ದಳು. ಗಾಡಿಯ ಮುಂಭಾಗ ಖಾಲಿ ಇತ್ತು. ಅಧ್ಯಕ್ಷರು ಅಲ್ಲಿ ಅಚ್ಚುಕಟ್ಟಾಗಿ ಕೂತು, ಚಾಚಿದ ಕೈ ಚಾಚಿದಂತೆಯೇ, ದಾನಿಗಳ ಎದುರಿನಿಂದ ಸದ್ದಿಲ್ಲದೆ ಸಾಗಿಹೋದರು.

"ನನಗೇನ ಗೊತ್ತವ್ವಾ? ಕ್ಯಾನ್ ಅಡ್ಡ ಬಂದು ಕಾಣಲಿಲ್ಲ. ಗಾಡಿ ಯಾಕೋ ಭಾರ ಆತಲ್ಲ ಅಂತ ಇನ್ನೀಟು ಜೋರ ನೂಕಿದೆ" ಎಂದಳು ಆಯಾ.

ಸಂಜೆಗೆ ಹುಕುಂ ಆಯಿತು: ಗಾಡಿಗಳಿಗೆಲ್ಲ ಗಂಟೆ ಕಟ್ಟಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು. ಇವರು ತಲೆಯ ಮೇಲೆ ಕೈಹೊತ್ತು ಕೂತರು.

"ಕಟ್ರಿ ಅತ್ಲಾಗ ಒಂದು ಗಂಟಿ! ಎತ್ತಿಗೆ ಕಟ್ಟೂದಿಲ್ಲೇನು?" ಅಂದೆ.

"ಎತ್ತಿನ ಗಂಟಿ ಕೇಳಿದ್ರ ಎತ್ತು ಬಂತು ಅಂತಾರ. ಸಿಲಿಂಡರಿನ ಗಂಟಿ ಕೇಳಿದ್ರ ಮಲಗಿದಂವಾ ಏನಂತಾನ?"

"ಪಗಾರ ನಿಂತ್ರ ನಾವು ದೇವರ ಮುಂದ ಗಂಟಿ ಬಾರಿಸಿಕೋತ ಕುಂಡ್ರೂದು, ಅಷ್ಟ!"

ಮರುದಿನ ಎಲ್ಲ ಗಾಡಿಗಳಿಗೂ ಫಳಫಳ ಹೊಳೆಯುವ ಗಂಟೆ ಬಂತು. ಅಧ್ಯಕ್ಷರು ನೋಡಿ ತೃಪ್ತರಾದರು. ಒಳಗೆ ನಾಲಿಗೆಯ ಸುತ್ತ ಹತ್ತಿ ತುಂಬಿದ್ದನ್ನು ನೋಡಲಿಲ್ಲ. ದವಾಖಾನೆಯಲ್ಲಿ ಹತ್ತಿಗೇನು ಬರವೇ? ಅಧ್ಯಕ್ಷರಿಗೆ ಗಂಟೆ ಕಾಣಬೇಕಿತ್ತು, ಕಂಡಿತು. ಕೇಳಲೇಬೇಕೆಂದು ಅವರು ಎಂದೂ ಪಟ್ಟು ಹಿಡಿಯಲಿಲ್ಲ. ದೊಡ್ಡವರ ಹುಕುಂಗಳೆಲ್ಲ ಸಾಮಾನ್ಯವಾಗಿ ಹೀಗೆಯೇ ಪಾಲನೆಯಾಗುತ್ತವೆ. ಆದರೆ ಉಳಿದವರ ಕಾಲು ಉಳಿಯಬೇಕಲ್ಲ? ಅದಕ್ಕೆ ಇವರು ಗಾಡಿಯ ಮುಂದೆ ಮುಂದೆ ತಾವೇ ನಡೆದು, ಎರಡೂ ಕೈಯಿಂದ ಜನರನ್ನು ಮೆಲ್ಲಗೆ ಸರಿಸತೊಡಗಿದರು.

"ಮದುಮಗನ ಮುಂದ ದೀವಟಿಗಿ ಹಿಡದಂಗ ಹೊಂಡ್ತಾರವ್ವಾ ನಿನ್ನ ಗಂಡ" ಎಂದು ಆಯಾ ನಡೆದು ತೋರಿಸುತ್ತಿದ್ದಳು. ನಾನೂ ಅತ್ತೆಯೂ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಹೀಗೆ ವರ್ಷಗಳು ಉರುಳಿದವು. ಅತ್ತೆ ಹೋದರು. ಕಳೆದ ಬೇಸಿಗೆಯಲ್ಲಿ ಇವರ ಎದೆ ಕೈಕೊಟ್ಟಿತು. ಅದೇ ದವಾಖಾನೆ, ಅದೇ ವಾರ್ಡು. ಊರಿಗೆಲ್ಲ "ಶ್" ಎಂದವರ ಎದೆಯೊಳಗೇ ಎಣ್ಣೆ ಕಾಣದ ಗಾಲಿ ತಿರುಗಿದ ಸಪ್ಪಳ. ನಾನು ಆಗಲೂ ಬಿಡಲಿಲ್ಲ.

"ಎದಿಗೂ ಒಂದೀಟು ಔಡಲ ಎಣ್ಣಿ ಬಿಡ್ಲೇನ್ರಿ?"

ಕಣ್ಣು ಮುಚ್ಚಿಕೊಂಡೇ ನಕ್ಕರು.

ಲೋಟಕ್ಕೆ ನೀರು ಹಾಕಲು ಆ ಕಡೆ ತಿರುಗಿದೆ. ಈ ಕಡೆ ತಿರುಗಿದಾಗ ಮಂಚದ ಪಕ್ಕ ಸಿಲಿಂಡರು ನಿಂತಿತ್ತು. ಅದರ ಹಿಂದೆ ಆಯಾ, ಬಾಯಿಗೆ ಸೆರಗು ಒತ್ತಿಕೊಂಡು. ಬಂದದ್ದು ನನಗೆ ಕೇಳಿಸಲೇ ಇಲ್ಲ. ಇವರು ಕಣ್ಣು ತೆರೆದರು. ಕಡೀ ಗಾಡಿ ಕಂಡೇಬಿಟ್ಟಿತು ಎಂದುಕೊಂಡೆ. ಆದರೆ ಇವರು ಸಿಲಿಂಡರನ್ನು ನೋಡಲಿಲ್ಲ. ಕತ್ತು ಹೊರಳಿಸಿ ಗಾಲಿಗಳನ್ನು ನೋಡಿದರು.

"ಬಂದಿದ್ದು ಕೇಳಿತೇನು ನಿನಗ?"

"ಇಲ್ರಿ."

"ನನಗೂ ಇಲ್ಲ." ಪರೀಕ್ಷೆ ಪಾಸಾದ ಹುಡುಗನ ಮುಖ. ಪಕ್ಕದ ಮಂಚದ ಕಡೆ ಕಣ್ಣು ಹೊರಳಿಸಿ, "ಬಾಜೂದಂವಾ?"

"ಮಲಗ್ಯಾನ್ರಿ."

"ಛಲೋ ಆತು."

ಹೊತ್ತು ಮುಳುಗುವ ಮೊದಲು ಹೋದರು, ಯಾರಿಗೂ ಕೇಳಿಸದ ಹಾಗೆ. ನನ್ನ ಬಾಯಿ ತಾನಾಗಿ ತೆರೆಯಿತು. ಪಕ್ಕದ ಮಂಚದವ ಇನ್ನೂ ಮಲಗಿದ್ದ. ನಾನು ತುಟಿಯ ಮೇಲೆ ಬೆರಳಿಟ್ಟುಕೊಂಡೆ. ಹಾಗೆಯೇ ವರಾಂಡ ದಾಟಿದೆ, ಅಂಗಳ ದಾಟಿದೆ, ಗೇಟು ದಾಟಿದೆ. ಹುಣಸೆ ಮರದ ಕೆಳಗೆ ನಿಂತು ಒಮ್ಮೆ ಹಿಂತಿರುಗಿ ನೋಡಿದೆ. ದೂರ ಸಾಕೆನ್ನಿಸಿತು.

ಆಗ ಒದರಿದೆ. ಹೆಸರು ಹಿಡಿದು.