ಕಾಗೆ ಮುಟ್ಟದ ಎಡೆ

ಹಸಿವೆಯನ್ನು ಇನ್ನೊಂದರ್ಧ ತಾಸು ತಡೆದುಕೊಂಡಿದ್ದರೆ ಮುರಿಗೆಪ್ಪನಿಗೆ ಆ ಗತಿ ಬರುತ್ತಿರಲಿಲ್ಲ. ಆದರೆ ಅವನಾದರೂ ಏನು ಮಾಡಿಯಾನು! ಹಿಂದಿನ ದಿನ ಸೊಲ್ಲಾಪುರ ಸ್ಟೇಶನ್ನಿನಲ್ಲಿ ಎರಡು ಭಜಿ ತಿಂದವನು, ಬಾಗೇವಾಡಿ ರೋಡಿನಲ್ಲಿ ರೈಲು ಇಳಿದು, ಟ್ರಂಕನ್ನು ಹೆಗಲಿಗೇರಿಸಿಕೊಂಡು, ವೈಶಾಖದ ಬಿಸಿಲಲ್ಲಿ ಬಿರಿದ ಎರೆಹೊಲಗಳ ನಡುವೆ ಊರ ಕಡೆ ನಡೆದಿದ್ದ.

ಅವನು ಬರುತ್ತಿದ್ದದ್ದು ಕಾಂಗೋದಿಂದ. ಅದು ಅರವತ್ತೆರಡನೆಯ ಇಸವಿ. ವಿಶ್ವಸಂಸ್ಥೆಯ ಹೆಸರಿನಲ್ಲಿ ನಮ್ಮ ಸೈನ್ಯ ಆಫ್ರಿಕಾದ ಆ ದೇಶಕ್ಕೆ ಹೋಗಿ ಯಾರದೋ ಮನೆಯ ಜಗಳದ ನಡುವೆ ನಿಂತಿತ್ತು. ಅಲ್ಲಿಯ ಚಳಿಜ್ವರ ಮುರಿಗೆಪ್ಪನ ಮೈಯ ಮಾಂಸವನ್ನೂ ತಲೆಯ ಕೂದಲನ್ನೂ ತಿಂದು ಹಾಕಿತ್ತು. ಇವನು ಇನ್ನು ಬಂದೂಕು ಹೊರಲಾರ ಎಂದು ಡಾಕ್ಟರು ಬರೆದುಕೊಟ್ಟು, ಸೈನ್ಯದವರು ಅವನನ್ನು ಕಾಯಂ ಮನೆಗೆ ಕಳಿಸಿದ್ದರು. ಈ ಸುದ್ದಿಯನ್ನು ಖುದ್ದು ಹೇಳಿ ಅವ್ವನ ಮುಖ ನೋಡಬೇಕೆಂದು ಅವನು ಕಾಗದವನ್ನೂ ಹಾಕಿರಲಿಲ್ಲ. ಇನ್ನು ಅವ್ವನ ಕೈಯ ರೊಟ್ಟಿ ತಿಂದು, ಇದ್ದ ತುಂಡು ಹೊಲ ಮಾಡಿಕೊಂಡು, ನಾಲ್ಕು ಮಂದಿಯ ಹಾಗೆ ಊರಲ್ಲಿ ಬದುಕುವುದು. ಅವನಿಗೆ ಬೇಕಾದದ್ದು ಅಷ್ಟೇ.

ಊರ ಹಳ್ಳಕ್ಕೆ ಬಂದಾಗ ಹೊತ್ತು ನೆತ್ತಿಯ ಮೇಲಿತ್ತು. ಎಲೆ ಅಲುಗುವಷ್ಟು ಗಾಳಿಯಿಲ್ಲ. ದನ ಕಾಯುವವರಿಲ್ಲ, ಬಟ್ಟೆ ಒಗೆಯುವವರಿಲ್ಲ. ಒಣ ಹಳ್ಳದ ಆಚೆಯ ಬನ್ನಿಗಿಡದ ತುಂಬ ಕಾಗೆಗಳು ಕೂತಿದ್ದವು. ಅಷ್ಟು ಕಾಗೆಗಳು ಒಂದೆಡೆ ಸೇರಿ ಒಂದೂ ಕೂಗದೆ ಇದ್ದದ್ದನ್ನು ಮುರಿಗೆಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೊದಲು ಅವೆಲ್ಲ ಗಿಡದ ಬುಡವನ್ನೇ ನೋಡುತ್ತಿದ್ದವು. ಅವನು ಹತ್ತಿರ ಹೋದೊಡನೆ ಎಲ್ಲ ಸೇರಿ ಅವನನ್ನು ನೋಡತೊಡಗಿದವು.

ಗಿಡದ ಬುಡದಲ್ಲಿ ಮುತ್ತಲ ಎಲೆಯ ಮೇಲೆ ಹೋಳಿಗೆ, ಅನ್ನ, ಎಣಗಾಯಿ ಪಲ್ಯ, ಕೊಲ್ಹಾರದ ಗಟ್ಟಿ ಮೊಸರು. ಸತ್ತವರಿಗೆ ಇಟ್ಟ ಎಡೆ ಎಂದು ತಿಳಿಯದಷ್ಟು ಅವನೇನೂ ಹುಂಬನಲ್ಲ. ಆದರೆ ಹೊಟ್ಟೆ ಕೇಳಬೇಕಲ್ಲ! 'ಯಾರ ಪುಣ್ಯಾತ್ಮನೋ ಏನೋ, ಒಂದು ಹೋಳಿಗೆಗೆ ಸಿಟ್ಟಾಗಲಿಕ್ಕಿಲ್ಲ' ಎಂದುಕೊಂಡು ಟ್ರಂಕು ಇಳಿಸಿ, ಕೂತು, ಹೋಳಿಗೆ ಮುರಿದು ಬಾಯಿಗಿಟ್ಟ.

ಹಿಂದಿನ ಜಾಲಿಕಂಟಿಗಳ ಮರೆಯಲ್ಲಿ ಬಹಳ ಮಂದಿ ಒಮ್ಮೆಲೇ ಉಸಿರೆಳೆದುಕೊಂಡ ಸಪ್ಪಳವಾಯಿತು.

"ಮುಟ್ಟಿತು..." ಎಂದಿತು ಒಂದು ದನಿ, ಬಹಳ ಮೆಲ್ಲಗೆ.

"ಕಾಗಿ ಅಲ್ಲೋ," ಎಂದಿತು ಇನ್ನೊಂದು. "ಅಂವನ ಬಂದಾನ."

ಈ ಸೀಮೆಯ ಪದ್ಧತಿ ಅರಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸತ್ತವರ ದಿನ ಮಾಡಿದಾಗ ಎಡೆ ಇಟ್ಟು ಮಂದಿ ದೂರ ಸರಿದು ಮರೆಯಲ್ಲಿ ನಿಲ್ಲುತ್ತಾರೆ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಇದ್ದವರು, 'ನಿನ್ನ ಮಗಳ ಲಗ್ನ ಮಾಡ್ತೇವಿ, ನಿನ್ನ ಎತ್ತು ಮಾರಂಗಿಲ್ಲ' ಎಂದು ಒಂದೊಂದಾಗಿ ಭಾಷೆ ಕೊಡುತ್ತಾರೆ. ಸರಿಯಾದ ಮಾತು ಬಿದ್ದೊಡನೆ ಕಾಗೆ ಇಳಿಯುತ್ತದೆ ಎಂಬ ನಂಬಿಕೆ.

ಅಂದು ಇಟ್ಟದ್ದು ಮುರಿಗೆಪ್ಪನದೇ ಎಡೆ. ಅವನು ಕಾಂಗೋದಲ್ಲಿ ಸತ್ತನೆಂದು ಸೈನ್ಯದಿಂದ ತಾರು ಬಂತಂತೆ. ಅವ್ವ ಹನಮವ್ವ ಬೀದಿಗೆ ಬಂದು ಎದೆ ಬಡಿದುಕೊಂಡು ಅತ್ತಿದ್ದಳು. ಹೆಣವಿಲ್ಲದ್ದಕ್ಕೆ ಊರವರು ಹಿಟ್ಟಿನ ಗೊಂಬೆ ಮಾಡಿ, ಅವನ ಹಳೆಯ ಅಂಗಿ ತೊಡಿಸಿ ಮಣ್ಣು ಕೊಟ್ಟಿದ್ದರು. ತಾರು ಎಲ್ಲಿದೆ ಎಂದು ಒಬ್ಬನೂ ಕೇಳಲಿಲ್ಲ. ಕೇಳುವುದಕ್ಕೆ ಪುರುಸೊತ್ತು ಯಾರಿಗಿತ್ತು? ಪಂಚಾಯತಿಗೆ ರೇಡಿಯೋ ಬಂದಾಗಿನಿಂದ ಊರು ಎರಡು ಪಾರ್ಟಿಯಾಗಿತ್ತು. ಕಾಂಗೋದಿಂದ ಸೈನ್ಯ ವಾಪಸ್ ಕರೆಸಬೇಕು ಎಂಬುದು ಊರ ಲೆಕ್ಕ ಬರೆಯುತ್ತಿದ್ದ ಹಳೆಯ ತಲಾಟಿ ಬಸಂತರಾಯನ ಪಾರ್ಟಿ. ಇಟ್ಟ ಹೆಜ್ಜೆ ಹಿಂದೆ ತೆಗೆಯಬಾರದು ಎಂಬುದು ಕಿರಾಣಿ ಅಂಗಡಿಯ ಜೈನುದ್ದೀನನ ಪಾರ್ಟಿ. ಇಬ್ಬರಿಗೂ ಕಾಂಗೋ ಯಾವ ದಿಕ್ಕಿಗಿದೆಯೋ ತಿಳಿಯದು. ಇಬ್ಬರಿಗೂ ಈ ಸಾವು ಮಾತ್ರ ಹಬ್ಬದ ಹಾಗೆ ಒದಗಿ ಬಂದಿತ್ತು.

ಬೆಳಗಿನಿಂದ ಕಾಗೆ ಇಳಿದಿರಲಿಲ್ಲ. ಮರೆಯಲ್ಲಿ ಊರಿಗೆ ಊರೇ ನಿಂತು ಭಾಷಣ ಮಾಡಿದರೆ ಯಾವ ಕಾಗೆ ಇಳಿದೀತು! ಬಸಂತರಾಯ "ಮುರಿಗೆಪ್ಪಾ, ಸೈನ್ಯಾ ವಾಪಸ್ ಕರಸ್ತೇವಿ" ಎಂದು ಭಾಷೆ ಕೊಟ್ಟ. ಎಡೆಯ ಪದ್ಧತಿ ಜೈನುದ್ದೀನನದಲ್ಲ. ಆದರೆ ಬಸಂತರಾಯನಿಗೆ ಬಿಟ್ಟುಕೊಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವನೂ "ಮುರಿಗೆಪ್ಪಾ, ನೀ ನಿಂತ ಜಾಗಾ ನಾವು ಬಿಟ್ಟು ಬರಂಗಿಲ್ಲ" ಎಂದು ಕೂಗಿದ. ಆ ಕೂಗು ಮುಗಿದು ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ, ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆಯ, ಹಳದಿ ಮುಖದ, ಕೂದಲಿಲ್ಲದ ಮುರಿಗೆಪ್ಪ ಬಿಸಿಲ್ಗುದುರೆಯೊಳಗಿಂದ ನಡೆದು ಬಂದು ತನ್ನ ಎಡೆಗೆ ತಾನೇ ಕೂತಿದ್ದ.

ಮಂದಿ ಕಂಟಿಯಿಂದ ಒಬ್ಬೊಬ್ಬರಾಗಿ ಹೊರಬಂದರು. ಮುರಿಗೆಪ್ಪ ಖುಷಿಯಿಂದ ಎದ್ದು ಒಂದು ಹೆಜ್ಜೆ ಮುಂದಿಟ್ಟ. ಊರು ಒಂದು ಹೆಜ್ಜೆ ಹಿಂದಿಟ್ಟಿತು.

"ನೋಡಿದ್ರಿ?" ಎಂದ ಬಸಂತರಾಯ. "ವಾಪಸ್ ಕರಸ್ತೇವಿ ಅಂದೆ, ಬಂದ!"

"ಸುಳ್ಳ ಹೇಳಬ್ಯಾಡ್ರಿ ರಾಯರ! ಕಡೀಕ ಮಾತಾಡಿದಾಂವ ನಾನು. ನನ್ನ ಮಾತಿಗೆ ಮೆಚ್ಚಿ ಹೋಳಿಗಿ ಮುರದಾನ. ಬೇಕಾದ್ರ ಅವನ್ನ ಕೇಳ್ರಿ."

"ಮುರಿಗೆಪ್ಪಾ," ಎಂದ ಬಸಂತರಾಯ ಕೈ ಮುಗಿದು. "ನಿನ್ನ ಆತ್ಮಕ್ಕ ಏನ ಬೇಕಪ್ಪಾ? ಸೈನ್ಯಾ ಬರಬೇಕೋ, ಅಲ್ಲೇ ಇರಬೇಕೋ?"

"ನನಗ ಹಸಿವಿ ಆಗಿತ್ರಿ, ರಾಯರ," ಎಂದ ಮುರಿಗೆಪ್ಪ.

"ಕೇಳಿದ್ರಿ? ಉಪಾಸ ಕೆಡವಿ ಕೊಂದಾರ! ಇನ್ನರೆ ವಾಪಸ್ ಕರಸ್ರಿ!"

"ಉಪಾಸ ಬಿದ್ರೂ ಓಡಿ ಬರಲಿಲ್ಲ, ಜೀವಾ ಕೊಟ್ಟ! ಇಂಥಾವನ ಹೆಸರ ಮಣ್ಣಪಾಲ ಮಾಡ್ತೀರೇನು?"

"ಎಪ್ಪಾ, ನಾ ಸತ್ತಿಲ್ರಿ!" ಮುರಿಗೆಪ್ಪನ ಗಂಟಲು ಜ್ವರಕ್ಕೆ ಒಡೆದು ದನಿ ಹಳೆಯ ಬಾವಿಯೊಳಗಿಂದ ಬಂದಂತೆ ಬಂತು. "ನನ್ನ ಬಿಟ್ಟು ಕಳಿಸ್ಯಾರ. ಕಾಯಂ ಬಂದೇನಿ."

"ಸತ್ತವರು ಮೊದಮೊದಲ ಹಿಂಗ ಅಂತಾರ," ಎಂದ ಮುದುಕನೊಬ್ಬ ಕನಿಕರದಿಂದ. "ಅವರಿಗೆ ತಿಳಿಯಾಕ ಸ್ವಲ್ಪ ದಿನಾ ಹಿಡೀತೈತಿ."

ಪರೀಕ್ಷೆ ಸುರುವಾಯಿತು. ದೆವ್ವದ ಪಾದಗಳು ಹಿಂದುಮುಂದಾಗಿ ಇರುತ್ತವೆ, ಬೂಟು ಕಳಚಿ ತೋರಿಸು ಎಂದರು. ನಡೆದು ನಡೆದು ಕಾಲು ಬಾತಿದ್ದವು. ಬೂಟು ಜಪ್ಪಯ್ಯ ಅನ್ನಲಿಲ್ಲ.

"ಬರವಲ್ವು," ಎಂದ ಮುರಿಗೆಪ್ಪ ತಿಣುಕುತ್ತ.

"ಹೆಂಗ ಬರ್ತಾವ?" ಎಂದರು ಅವರು ಒಬ್ಬರ ಮುಖ ಒಬ್ಬರು ನೋಡಿ.

"ನೆಳ್ಳ ಎಲ್ಲೈತಿ ಇವಂದು?" ಎಂದು ಯಾರೋ ಕೂಗಿದರು. ಮುರಿಗೆಪ್ಪನೂ ಗಾಬರಿಯಿಂದ ಕೆಳಗೆ ನೋಡಿದ. ನಡುಮಧ್ಯಾಹ್ನದ ನೆರಳು ಬೂಟಿನಡಿಗೆ ಸೇರಿ, ಹುಡುಕಿದರೂ ಕಾಣಲಿಲ್ಲ. ಕೊನೆಗೆ ಜೈನುದ್ದೀನ ಧೈರ್ಯ ಮಾಡಿ ಬೆರಳ ತುದಿಯಿಂದ ಅವನ ಮುಂಗೈ ಮುಟ್ಟಿದ. ಬಿಸಿಲಿಗೆ ಜ್ವರ ಮತ್ತೆ ಏರಿತ್ತು.

"ಯಾ ಅಲ್ಲಾ! ಬೆಂಕಿ ಐತಿ, ಬೆಂಕಿ!" ಎಂದು ಅವನು ಹಿಂದಕ್ಕೆ ಹಾರಿದ.

ಮುರಿಗೆಪ್ಪ ಟ್ರಂಕು ಎತ್ತಿಕೊಂಡು ಊರೊಳಕ್ಕೆ ನಡೆದ. ಮಂದಿ ಹಿಂದೆ ದೂರದಿಂದ ಬಂದರು. ಅವನು ನಿಂತರೆ ಅವರೂ ನಿಲ್ಲುವರು. ಮೇಲೆ ಕಾಗೆಗಳು ಮಾಳಿಗೆಯಿಂದ ಮಾಳಿಗೆಗೆ ಅವನ ಜೊತೆಗೇ ಹಾರಿ ಬರುತ್ತಿದ್ದವು. ಎದುರಿನ ಬಾಗಿಲುಗಳು ಒಂದೊಂದಾಗಿ ಸಪ್ಪಳವಿಲ್ಲದೆ ಮುಚ್ಚಿಕೊಂಡವು. ಆಗ ಅವನ ಎದೆಯಲ್ಲಿ ಮೊದಲ ಸಲ ಅಳುಕು ಹೊಕ್ಕಿತು. ಸೊಲ್ಲಾಪುರದಿಂದ ಇಲ್ಲಿಯವರೆಗೆ ರೈಲಿನಲ್ಲಿ ಯಾರೂ ಅವನ ಟಿಕೀಟು ಕೇಳಿರಲಿಲ್ಲ. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಕಾಂಗೋದ ಆಸ್ಪತ್ರೆಯಲ್ಲಿ ಒಂದು ಬೆಳಗು ಎಚ್ಚರಾದಾಗ ಮುಖದ ಮೇಲೆ ಬಿಳಿ ಚಾದರವಿತ್ತು. ಸೊಳ್ಳೆ ಕಾಟಕ್ಕೆ ತಾನೇ ಎಳೆದುಕೊಂಡದ್ದು ಎಂದು ಅವನು ಈವರೆಗೆ ತಿಳಿದಿದ್ದ.

ಓಣಿಯ ಲಾಲಬಿ ಅವನನ್ನು ಎತ್ತಿ ಆಡಿಸಿದವಳು. ಅವಳು ಕದದ ಸಂದಿಯಿಂದ ಅಳುತ್ತ, ಕೋಲಿನಿಂದ ನೀರಿನ ತಂಬಿಗೆಯನ್ನು ಹೊರಕ್ಕೆ ನೂಕಿದಳು.

"ಮುರಿಗ್ಯಾ, ನನ್ನ ಕಂದಾ, ನೀರ ಕುಡಿಯಪ್ಪಾ. ಒಳಗ ಮಾತ್ರ ಬರಬ್ಯಾಡ. ಸೊಸಿ ಬಸಿರ ಅದಾಳ."

"ದೊಡ್ಡವ್ವಾ, ನಾ ಖರೇನ ಸತ್ತೇನೇನು?" ಎಂದು ಕೇಳಿದ ಮುರಿಗೆಪ್ಪ. ಆ ಪ್ರಶ್ನೆಯಲ್ಲಿ ತಮಾಷೆ ಏನೂ ಇರಲಿಲ್ಲ.

"ಹೌದಪ್ಪಾ. ಮನಸಿಗೆ ಹಚ್ಚಿಕೋಬ್ಯಾಡ," ಎಂದಳು ಲಾಲಬಿ.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕತ್ತಲು, ಊದುಬತ್ತಿಯ ಹೊಗೆ. ಮಣೆಯ ಮೇಲೆ ಅವನದೇ ಫೋಟೋ, ಅದಕ್ಕೆ ಹೂವಿನ ಹಾರ, ಮುಂದೆ ದೀಪ. ಫೋಟೋದೊಳಗಿನ ಗುಂಡು ಮುಖದ, ದಟ್ಟ ಕೂದಲಿನ ಮುರಿಗೆಪ್ಪ ಹೊಸ್ತಿಲಲ್ಲಿ ನಿಂತವನಿಗಿಂತ ಎಷ್ಟೋ ಜೀವಂತವಾಗಿದ್ದ. ಕತ್ತಲೆಯಿಂದ ಅವ್ವ ಎದ್ದು ಬಂದಳು. ಅವಳು ಚೀರಲಿಲ್ಲ, ಓಡಲಿಲ್ಲ. ಅವನ ಕೊರಳಪಟ್ಟಿ ಹಿಡಿದು ಒಳಗೆಳೆದುಕೊಂಡು ಕದಕ್ಕೆ ಚಿಲಕ ಹಾಕಿದಳು. ಆಮೇಲೆ ಎರಡೂ ಕೈಯಿಂದ ಅವನ ಮುಖ ಸವರಿದಳು.

"ಬಂದ್ಯಾ? ಇಷ್ಟ ಲಗೂ ಕಳಿಸಿದ್ರಾ?" ಎಂದು ನಕ್ಕಳು. "ಕಳಸ್ತಾರ ಅಂತ ನನಗ ಗೊತ್ತಿತ್ತು."

ಮುರಿಗೆಪ್ಪ ಕುಸಿದು ಕೂತ. ಮುಟ್ಟುವ ಕೈಯೊಂದು ಸಿಕ್ಕಿದ್ದಕ್ಕೆ ಅವನಿಗೆ ಅಳು ಬಂತು. "ಯವ್ವಾ, ನಾ ಸತ್ತೇನಂತ ನಿನಗ ಯಾರ ಹೇಳಿದ್ರು?"

"ಯಾರ ಹೇಳ್ತಾರ? ನಾನ ಹೇಳೀನಿ. ಊರಿಗೆಲ್ಲಾ."

"ನೀನ?"

"ಮತ್ತೇನ ಮಾಡ್ಲೋ?" ಅವ್ವ ಅವನ ಪಕ್ಕ ಕೂತು ದನಿ ತಗ್ಗಿಸಿದಳು. "ಬಸಂತರಾಯ ದಿನಾ ಕಟ್ಟಿಮ್ಯಾಲ ಕುಂತು ಹೇಳ್ತಿದ್ದ, ಇನ್ನೊಂದ ನಾಕ ಮಂದಿ ಸತ್ರಂದ್ರ ದಿಲ್ಲಿಯವರ ಕಣ್ಣು ತೆರೀತಾವು, ಸೈನ್ಯಾ ವಾಪಸ್ ಕರಸ್ತಾರ ಅಂತ. ನಾ ಅಂದೆ, ಬ್ಯಾರೇ ತಾಯಂದಿರ ಮಕ್ಕಳು ಯಾಕ ಸಾಯ್ಬೇಕು? ನನ್ನ ಮಗನ ಒಂದೀಟು ಬಾಯಿಮಾತಿಗೆ ಸಾಯಲಿ. ಲೆಕ್ಕಕ್ಕ ಒಂದ ಹೆಚ್ಚಾಗತೈತಿ, ನೀವೆಲ್ಲಾ ಮನಿಗೆ ಬರ್ತೀರಿ ಅಂತ. ತಾರ ಬಂತು ಅಂದೆ. ನೋಡು, ಬಂದಿ!"

ಮುರಿಗೆಪ್ಪ ಅವ್ವನ ಕೈ ಹಿಡಿದುಕೊಂಡ. "ಯವ್ವಾ, ಯಾರೂ ವಾಪಸ್ ಬಂದಿಲ್ಲ. ಉಳಿದವರೆಲ್ಲಾ ಅಲ್ಲೇ ಅದಾರ. ನನಗ ಜ್ವರಾ ಬಂತಂತ ನನ್ನ ಒಬ್ಬನ್ನ ಬಿಟ್ರು. ನೀ ತಾರಿನ ಸುದ್ದಿ ಹೇಳೂದಕ್ಕಿಂತ ಮೊದಲ ಬಿಟ್ಟಿದ್ರು."

ಹನಮವ್ವನ ಮುಖದ ನಗೆ ನಿಧಾನವಾಗಿ ಇಳಿಯಿತು. "ಅಯ್ಯ ಶಿವನ! ಹಂಗಾರ ನಾ ನಿನ್ನ ಸುಮ್ಸುಮ್ನ ಕೊಂದ್ನೇನೋ?"

ಹೊರಗೆ ಅಂಗಳದ ತುಂಬ ಊರು ನಿಂತಿತ್ತು. ಹನಮವ್ವ ಎದ್ದು ಸೆರಗು ಸರಿಮಾಡಿಕೊಂಡಳು. "ತಡಿ, ಹೇಳಿ ಬರ್ತೇನಿ. ಉಗುಳಿದ್ರ ಉಗುಳ್ಳಿ," ಎಂದು ಚಿಲಕ ತೆಗೆದು ಕಟ್ಟೆಯ ಮೇಲೆ ನಿಂತಳು. ಮುರಿಗೆಪ್ಪ ಕದದ ಹಿಂದೆ ಕಿವಿಗೊಟ್ಟ. ಇನ್ನೇನು, ಅವ್ವ ಒಂದು ಮಾತು ಹೇಳಿದರೆ ಮುಗಿಯಿತು, ಅವನು ಮತ್ತೆ ಬದುಕಿದ ಹಾಗೆ.

"ತಪ್ಪಾತ್ರಿ ಎಪ್ಪಾ," ಎಂದಳು ಹನಮವ್ವ ಜೋರಾಗಿ. "ತಾರೂ ಇಲ್ಲ, ಏನೂ ಇಲ್ಲ. ನಾ ಸುಳ್ಳ ಹೇಳಿದ್ದೆ. ನನ್ನ ಮಗ ಸತ್ತಿಲ್ಲ. ಒಳಗ ಕುಂತಾನ, ಬಂದು ನೋಡ್ರಿ. ನನ್ನ ಮಗನ್ನ ನನಗ ವಾಪಸ್ ಕೊಡ್ರಿ."

ಹೆಂಗಸರು ಬಿಕ್ಕಿಬಿಕ್ಕಿ ಅತ್ತರು. "ಪಾಪ, ದುಃಖಕ್ಕ ತಲಿ ಕೆಟ್ಟೈತಿ ಆಕೀಗಿ," ಎಂದು ಯಾರೋ ಅಂದರು.

ಬಸಂತರಾಯ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. "ಸೈನ್ಯಾ ವಾಪಸ್ ಕರಸೂದು ದಿಲ್ಲಿಯವರ ಕೈಯಾಗರೆ ಐತಿ, ಹನಮವ್ವಾ," ಎಂದ ಕಣ್ಣು ಒರೆಸಿಕೊಳ್ಳುತ್ತ. "ಸತ್ತಾಂವನ್ನ ವಾಪಸ್ ಕರಸೂದು ಯಾರ ಕೈಯಾಗ ಐತಿ?"

ರೂಢಿಯಂತೆ ಎಲ್ಲರೂ ಜೈನುದ್ದೀನನ ಕಡೆ ತಿರುಗಿದರು. ಬಸಂತರಾಯ ಹೌದೆಂದದ್ದಕ್ಕೆ ಅವನು ಇವತ್ತಿನವರೆಗೆ ಒಂದು ಸಲವಾದರೂ ಹೌದೆಂದವನಲ್ಲ. ಕದದ ಹಿಂದೆ ಮುರಿಗೆಪ್ಪನ ಉಸಿರು ನಿಂತಿತು.

"ರಾಯರ ಮಾತ ಖರೇ ಐತಿ," ಎಂದ ಜೈನುದ್ದೀನ.

ಕಾಂಗೋದ ವಿಷಯದಲ್ಲಿ ಆ ಊರು ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಇಡೀ ಊರೇ ಒಪ್ಪಿದ ಮೇಲೆ ಒಬ್ಬನೇ ವಿರೋಧ ಮಾಡಲು ಮುರಿಗೆಪ್ಪನಿಗೂ ಧೈರ್ಯ ಸಾಲಲಿಲ್ಲ.